ಅಜ್ಜನ ಕೋವಿಗೆ ಗರಗಸ ಹಾಕೋ ಮುಂಚೆ

ಸಂಪಾದಕರಿಗೆ ನಮಸ್ಕಾರ.

ನಮ್ಮೂರಿಗೆ ನಿಮ್ಮ ಪೇಪರ್ ಬರೋದು ಸಿರ್ಸಿಯಿಂದ ಬೆಳಗಿನ ಬಸ್ಸಿಗೆ, ನಾನು ಓದೋದು ಮಧ್ಯಾಹ್ನ ಉಂಡು ಕವಳ ಹಾಕ್ಕೊಂಡ್ಮೇಲೆ. ಮಂಗನ ಕಾಟ, ಹಂದಿ ಕಾಟ, ಕೋವಿ ಲೈಸೆನ್ಸ್ ರಿನಿವಲ್ಲು, ಎಲೆಕ್ಷನ್ ಬಂದ್ರೆ ಕೋವಿ ಡಿಪಾಸಿಟ್ ಇಡೋ ರಗಳೆ, ಇದೆಲ್ಲ ನಿಮ್ಮಲ್ಲಿ ಆಗಾಗ ಬರ್ತದೆ, ಬರ್ಲಿ, ಬರಬೇಕಾದ್ದೇ. ಆದ್ರೆ ಆ ಕೋವಿ ಹಿಡ್ಕೊಂಡು ತೋಟದಲ್ಲಿ ನಿಲ್ಲೋನ ಹೆಗಲು ಏನಾಗ್ತದೆ ಅಂತ ಒಂದು ಸಾಲು ಬಂದಿದ್ದು ನಾನಂತೂ ನೋಡಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗ್ತದೆ. ಕತ್ತರಿ ಹಾಕೋದಿದ್ರೆ ಹಾಕಿ, ಅಳತೆ ಬರ್ದಿರೋ ಜಾಗ ಮಾತ್ರ ಹಾಗೇ ಬಿಡಿ.

ಮೊನ್ನೆ ನಡೆದಿದ್ದು. ಅಡಿಕೆ ಸುಲಿಯೋಕೆ ಆಳು ಸಿಗ್ತಾರಾ ಕೇಳೋಣ ಅಂತ ಪಕ್ಕದ ಕೇರಿಗೆ ಹೋಗಿದ್ದೆ, ಆ ಮನೆಯವ್ರು ನಂಗೆ ಭಾವ ಆಗ್ಬೇಕು, ಜಗಲಿ ಹತ್ತಿ ನೋಡಿದ್ರೆ ಅವರ ಅಜ್ಜನ ಕಾಲದ ಜೋಡಿ ನಳಿಗೆ ಕೋವಿ ಗೋಣಿ ಚೀಲದ ಮೇಲೆ ಅಡ್ಡ ಮಲಗಿದೆ, ಪಕ್ಕದಲ್ಲಿ ಆಚಾರ್ರು ಕಿವಿಗೆ ಪೆನ್ಸಿಲ್ ಸಿಕ್ಕಿಸ್ಕೊಂಡು ಕೂತಿದ್ದಾರೆ, ಬಟ್ಟಿನ, ಅಂದ್ರೆ ಹೆಗಲಿಗೆ ಆನಿಸೋ ಹಿಂಭಾಗದ, ತುದಿಯಿಂದ ಸರಿಯಾಗಿ ಒಂದಿಂಚು ಒಳಗೆ ಸುತ್ತಲೂ ಗೆರೆ ಎಳೆದಾಗಿದೆ. ಗರಗಸ ಇನ್ನೂ ಚೀಲದಲ್ಲೇ ಇತ್ತು, ಪುಣ್ಯ. ಎಂತ ಮಾಡ್ತಿದ್ರಿ ಭಾವ ಅಂದ್ರೆ "ಒದ್ದು ಒದ್ದು ಹೆಗಲೇ ಹೋತು, ಒಂದಿಂಚು ಕೊಯ್ಸಿ ರಬ್ಬರ್ ಕೂರಿಸಿ ಸ್ಕ್ರೂ ಹಾಕ್ಸದು" ಅಂದ್ರು.

ನಾನು ಅಲ್ಲೇ ಕೂತ್ಬಿಟ್ಟೆ. ಆ ಹಿಡಿ ಹಳೇ ವಾಲ್‌ನಟ್ ಮರದ್ದು, ಒಳಗೆ ಕಂದು ಗೆರೆ ಹೊಳೆ ಸುಳಿ ತರ ಓಡ್ತದೆ, ಕೊಯ್ದ ಮೇಲೆ ವಾಪಸ್ ಬರಲ್ಲ, ಮುಂದೆ ಮಾರೋದಾದ್ರೆ ಬೆಲೆನೂ ಅಲ್ಲಿಗೆ ಮುಗೀತು. ಅದಿರ್ಲಿ. ನಂಗೆ ತಲೆ ಕೆಟ್ಟಿದ್ದು ಬೇರೆ ವಿಷಯಕ್ಕೆ. ಭಾವ ಆರಡಿ ಆಳು, ಅವರ ಕೈಗೆ ಆ ಕೋವಿ ಮೊದ್ಲಿಂದ್ಲೂ ಗಿಡ್ಡ. ಒಂದಿಂಚು ಕೊಯ್ದು ಒಂದಿಂಚು ರಬ್ಬರ್ ಹಾಕಿದ್ರೆ ಮತ್ತೆ ಅಷ್ಟೇ ಗಿಡ್ಡ ಅಲ್ವಾ? ಕೊಯ್ಯದೇ, ಕಾಲಿಗೆ ಸಾಕ್ಸ್ ಏರಿಸ್ದಂಗೆ ಬಟ್ಟಿಗೆ ಎಳೆದು ಹಾಕೋ ಪ್ಯಾಡ್ ಬರ್ತದೆ, ಸ್ಲಿಪ್ ಆನ್ ರಿಕಾಯಿಲ್ ಪ್ಯಾಡ್ ಅಂತಾರೆ, ಅದನ್ನ ಹಾಕಿದ್ರೆ ಒದೆನೂ ಕಡ್ಮೆ, ಉದ್ದನೂ ಸರಿ, ಬೇಡ ಅಂದ ದಿನ ತೆಗೆದಿಟ್ರೆ ಅಜ್ಜನ ಕೋವಿ ಅಜ್ಜ ಇಟ್ಟಂಗೇ ಇರ್ತದೆ.

ಆದ್ರೆ ಅದನ್ನ ಆರಿಸೋದ್ರಲ್ಲಿ ನಾನೇ ಎರಡು ಸಲ ಎಡವಿದ್ದೇನೆ, ಅದನ್ನೂ ಹೇಳ್ಬೇಕು.

ನಮ್ಮನೆ ಕೋವಿದೂ ಹೆಚ್ಚುಕಮ್ಮಿ ಅದೇ ಕಾಲ. ಆಗ ನಮ್ಮ ಜಿಲ್ಲೆ ಉತ್ತರ ಕೆನರಾ, 1862ರಲ್ಲಿ ಬಾಂಬೆಗೆ ಸೇರಿಸಿದ್ದು 1956ರ ನವೆಂಬರ್‌ವರೆಗೂ ಅಲ್ಲೇ ಇತ್ತಲ್ಲ, ಕೋವಿನೂ ಮುಂಬೈಯಿಂದ ಕಾರವಾರದ ತನಕ ಹಡಗಲ್ಲಿ ಬಂತು ಅಂತ ಅಪ್ಪಯ್ಯ ಹೇಳ್ತಿದ್ದ. ನಳಿಗೆ ಅಡಿಗೆ ಬರ್ಮಿಂಗ್‌ಹ್ಯಾಮ್ ಪ್ರೂಫ್ ಮುದ್ರೆ ಇದೆ, ನೈಟ್ರೋ ಪ್ರೂಫ್ ಅಂತಿದೆ, ಪಕ್ಕದಲ್ಲಿ 2½ ಇಂಚು ಅಂತ ಸಣ್ಣ ಅಕ್ಷರ. ಹೊಗೆ ಇಲ್ಲದ ಈಗಿನ ಮದ್ದಿಗೆ ಪರೀಕ್ಷೆ ಮಾಡಿದ ನಳಿಗೆ ಅಂತ ಅದರರ್ಥ. ಕೆಲವು ಹಳೇ ಕೋವಿಗಳ ನಳಿಗೆ ಮೇಲೆ ಹಾವಿನ ಮೈ ತರ ಚಿತ್ತಾರ ಇರ್ತದೆ, ಡಮಾಸ್ಕಸ್ ನಳಿಗೆ, ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದಿದ್ದು, ಅದರಲ್ಲಿ ಹೆಚ್ಚಿನವು ಕರಿ ಮದ್ದಿಗೆ ಅಂತ ಮಾಡಿದ್ದು. ಅಂಥದ್ದು ಮನೇಲಿದ್ರೆ ಪ್ಯಾಡ್ ಯೋಚನೆ ಆಮೇಲೆ, ಮೊದ್ಲು ಬಲ್ಲ ಗನ್‌ಸ್ಮಿತ್ ಹತ್ರ ತೋರಿಸಿ, ಅಲ್ಲಿವರೆಗೆ ಗೋಡೆ ಮೇಲಿರ್ಲಿ.

ಆ 2½ ಇಂಚು ಇದೆಯಲ್ಲ, ಅದು ತೋಟಾ ಕೂರೋ ಕೋಣೆಯ ಉದ್ದ, ಈಗಿನ ಲೆಕ್ಕದಲ್ಲಿ 65 ಎಂಎಂ. ಈಗಿನ ತೋಟಾ ಹೆಚ್ಚಾಗಿ 70 ಎಂಎಂ. ಇಲ್ಲಿದೆ ನೋಡಿ ಮೋಸ, 70ರ ತೋಟಾ 65ರ ಕೋಣೆಯಲ್ಲಿ ಸಲೀಸಾಗಿ ಕೂರ್ತದೆ, ಕೋವಿ ಮುಚ್ತದೆ, ಯಾರಿಗೂ ಅನುಮಾನ ಬರಲ್ಲ, ಯಾಕಂದ್ರೆ ಡಬ್ಬಿ ಮೇಲೆ ಬರ್ದಿರೋ 70 ಅಂದ್ರೆ ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ, ಬಾಯಿ ಮಡಚಿರೋವಾಗ ಅದು ಗಿಡ್ಡ. ಈಡು ಹಾರಿದಾಗ ಆ ಮಡಿಕೆ ಬಿಚ್ಚೋಕೆ ಜಾಗ ಸಾಲದೆ ನಳಿಗೆಯ ಕಿರಿದಾದ ಕಡೆ ಸಿಕ್ಕೊಳ್ತದೆ, ಚರೆ, ಅಂದ್ರೆ ತೋಟಾದೊಳಗಿನ ಸಣ್ಣ ಗುಂಡು, ಹೋಗೋ ದಾರಿ ಇಕ್ಕಟ್ಟಾಗಿ ಒತ್ತಡ ಏರ್ತದೆ, ಒದೆನೂ ಏರ್ತದೆ. ಎರಡು ಮಳೆಗಾಲ ನಾನು ಇದೇ ಮಾಡಿ ಹೆಗಲು ನೀಲಿ ಮಾಡ್ಕೊಂಡು "ಹಳೇ ಕೋವಿ ಅಂದ್ರೆ ಒದೀತದೆ ಮಾರಾಯ" ಅಂತ ತಿರುಗಾಡ್ತಿದ್ದೆ. ಕೋವಿದೇನೂ ತಪ್ಪಿರ್ಲಿಲ್ಲ. ಹಾಗಾಗಿ ಪ್ಯಾಡಿಗೆ ದುಡ್ಡು ಹಾಕೋ ಮುಂಚೆ ತೋಟಾ ಡಬ್ಬಿ ತಿರುಗಿಸಿ ಎಂಎಂ ನೋಡಿ, ನಳಿಗೆ ಮೇಲಿನ ಮುದ್ರೆ ನೋಡಿ, ಎರಡೂ ತಾಳೆ ಆಗದಿದ್ರೆ ಯಾವ ಪ್ಯಾಡೂ ನಿಮ್ಮನ್ನ ಕಾಯಲ್ಲ.

ಇನ್ನೊಂದು ಲೆಕ್ಕ ಇದೆ, ನಂಗೆ ಬಹಳ ಇಷ್ಟ. ಇಂಗ್ಲೆಂಡಿನ ಗ್ರೀನರ್ ಅಂತ ಹೆಸರುವಾಸಿ ಕೋವಿ ತಯಾರಕ ಹೇಳಿದ್ದು, ಕೋವಿ ತೂಕ ಅದು ಉಗುಳೋ ಚರೆ ತೂಕದ 96 ಪಟ್ಟು ಇರ್ಬೇಕು ಅಂತ. ನಾನು ನಮ್ಮ ಕೋವಿನ ಕಾಳುಮೆಣಸು ತೂಗೋ ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟೆ, 2 ಕಿಲೋ 950 ಗ್ರಾಂ ಬಂತು. 96ರಿಂದ ಭಾಗಿಸಿದ್ರೆ 30 ಗ್ರಾಂ ಚಿಲ್ಲರೆ. ಅಂದ್ರೆ 30 ಗ್ರಾಂ ಚರೆಯ ತೋಟಾ ಇದಕ್ಕೆ ಹಿತ, 36 ಗ್ರಾಂನದ್ದು ಹಾಕ್ಬೇಕಾದ್ರೆ ಕೋವಿ ಸುಮಾರು ಮೂರೂವರೆ ಕಿಲೋ ತೂಗಬೇಕಿತ್ತು. ಮಂಗ ಓಡಿಸೋಕೆ 36 ಗ್ರಾಂ ಯಾಕೆ ಹೇಳಿ, ಅದನ್ನ ಕೊಲ್ಲೋ ಹಾಗಂತೂ ಇಲ್ಲ, ಬೇಕಾಗಿರೋದು ಸದ್ದು.

ಪ್ಯಾಡ್ ಮಾಡೋ ಕೆಲಸ ಎಂತ ಅಂತ ಕೇಳಿದ್ರೆ ನಮ್ಮ ಕೊನೆ ಕೊಯ್ಲು, ಅಂದ್ರೆ ಅಡಿಕೆ ಗೊನೆ ಇಳಿಸೋದನ್ನ, ನೆನಪು ಮಾಡ್ಕೊಳ್ಳಿ. ಕೊನೆಗೌಡ ಮೇಲಿಂದ ಕೊನೆನ ಹಗ್ಗದ ಮೇಲೆ ಜಾರಿಬಿಡ್ತಾನೆ, ಕೆಳಗೆ ಹಿಡಿಯೋನು ಕೈ ಗಟ್ಟಿ ಮಾಡ್ಕೊಂಡು ನಿಂತ್ರೆ ಎದೆಗೆ ಬಡಿದು ಹಿಂದೆ ಬೀಳ್ತಾನೆ, ಬಲ್ಲೋನು ಕೊನೆ ಜೊತೆಗೇ ಕೈ ಹಿಂದೆ ತಗೊಳ್ತಾನೆ. ಬಂದ ವೇಗ ಅಷ್ಟೇ, ಕೊನೆ ತೂಕನೂ ಅಷ್ಟೇ, ನಿಲ್ಸೋಕೆ ತಗೊಂಡ ಹೊತ್ತು ಮಾತ್ರ ಜಾಸ್ತಿ. ಮೆತ್ತನೆ ಪ್ಯಾಡೂ ಅದನ್ನೇ ಮಾಡ್ತದೆ, ಒದೆನ ಸ್ವಲ್ಪ ನಿಧಾನ ಮಾಡಿ ಅಗಲಕ್ಕೆ ಹರಡ್ತದೆ. ಹಳೇ ಕೋವಿಗಳ ಬಟ್ಟಿಗೆ ಕೊಂಬಿನದ್ದೋ ಗಟ್ಟಿ ಕರಿ ರಬ್ಬರಿನದ್ದೋ ತಟ್ಟೆ ಇರ್ತದೆ, ಇಲ್ಲಾಂದ್ರೆ ಬರೀ ಮರ, ಅದು ಎಂತದೂ ಬಿಟ್ಟುಕೊಡಲ್ಲ.

ಈಗ ನನ್ನ ಮೊದಲನೇ ಎಡವಟ್ಟು. ಬೆಂಗಳೂರಲ್ಲಿರೋ ತಮ್ಮನ ಮಗನ ಹತ್ರ ಒಂದು ಪ್ಯಾಡ್ ತರಿಸಿದೆ. ಯಾವ ಕಂಪನಿ ಅಂತ ಬೇಡ, ತಪ್ಪು ಅದರದ್ದಲ್ಲ. ಅವ ಫೋನಲ್ಲಿ ಸ್ಮಾಲಾ ಮೀಡಿಯಮ್ಮಾ ಲಾರ್ಜಾ ಅಂತ ಕೇಳಿದ, ನಾನು ಅಂಗಿ ಕೇಳ್ದಂಗೆ "ಮೀಡಿಯಂ ತಾ" ಅಂದೆ. ಬಂತು, ಒಂದಿಂಚು ದಪ್ಪದ ಕರಿ ರಬ್ಬರು, ನೋಡೋಕೆ ಎಮ್ಮೆ ಗೊರಸು ಇದ್ದಂಗೆ. ನಮ್ಮ ಕೋವಿಯ ಬಟ್ಟು ಮೇಲಿಂದ ಕೆಳಗೆ 5 ಇಂಚು, ಅಗಲ ಒಂದೂವರೆ ಇಂಚು, ಹಳೇ ಇಂಗ್ಲಿಷ್ ಕೋವಿಗಳು ಹೀಗೆ ಸಪೂರ, ಮೀಡಿಯಂ ಅದಕ್ಕೆ ಸಡಿಲ, ಮೊದಲನೇ ಈಡಿಗೇ ಒಂದು ಪಕ್ಕಕ್ಕೆ ತಿರುಚಿಕೊಳ್ತಿತ್ತು. ಅದಕ್ಕೊಂದು ತೆಳು ಚರ್ಮದ ತುಂಡು ಸಂದಿಗೆ ಇಟ್ಟು ಬಿಗಿ ಮಾಡಿದೆ, ಆಯ್ತು. ಆದ್ರೆ ಉದ್ದಕ್ಕೆ ಎಂತ ಮಾಡೋದು?

ಉದ್ದ ಅಂದ್ರೆ ಮುಂದಿನ ಟ್ರಿಗರ್‌ನಿಂದ ಬಟ್ಟಿನ ಮಧ್ಯದವರೆಗೆ. ನಳಿಗೆ ಬಾಗಿಸಿ ಕೋವಿ ತೆರೆದು, ಎರಡೂ ನಳಿಗೆ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿನೂ ನೋಡಿ, ಆಮೇಲೆ ಟೇಪ್ ಹಿಡೀರಿ. ನಮ್ಮದು 14 ಇಂಚು, ನಾನು ಐದಡಿ ಆರಿಂಚು, ಸರಿಯಾಗೇ ಕೂರ್ತಿತ್ತು. ಪ್ಯಾಡ್ ಹಾಕಿದ್ಮೇಲೆ 15. ಹಗಲಲ್ಲಿ ಜಗಲಿ ಮೇಲೆ ನಿಂತು ಏರಿಸಿ ನೋಡಿದಾಗ ಪರವಾಗಿಲ್ಲ ಅನ್ನಿಸ್ತು. ಒಂದಿನ ರಾತ್ರಿ ಹನ್ನೊಂದಕ್ಕೆ ಗದ್ದೆಗೆ ಹಂದಿ ಇಳಿದು ನಾಯಿ ಬೊಗಳೋಕೆ ಶುರು ಮಾಡ್ತು, ಚಳಿ, ನಾನು ಸ್ವೆಟರ್ ಹಾಕ್ಕೊಂಡು ಓಡಿದೆ, ಗಾಳೀಲಿ ಒಂದು ಈಡು ಹಾಕೋಣ ಅಂತ ಎತ್ತಿದ್ರೆ ಆ ರಬ್ಬರಿನ ಮೇಲ್ತುದಿ ಸ್ವೆಟರಿಗೆ ಕಚ್ಚಿಕೊಂಡು ಕಂಕುಳ ಕೆಳಗೇ ನಿಂತುಬಿಡ್ತು, ಮೇಲೂ ಬರಲ್ಲ ಕೆಳಗೂ ಹೋಗಲ್ಲ, ಬೆರಳು ಟ್ರಿಗರ್ ಹತ್ರ. ಬೆರಳು ಒಳಗೆ ಹೋಗಿರ್ಲಿಲ್ಲ, ಅಷ್ಟೇ. ಹಂದಿ ಆರಾಮಾಗಿ ಹೋಯ್ತು. ಮನೆಯವಳು ಸ್ವೆಟರಿನ ತೂತು ತೋರಿಸಿ ಇದನ್ನ ಹಂದಿ ಕಚ್ಚಿದ್ದಾ ಅಂತ ಕೇಳಿದ್ಲು.

ಆಮೇಲೆ ಗೊತ್ತಾಗಿದ್ದು, ರಬ್ಬರ್ ಪ್ಯಾಡಿನ ಮೇಲ್ತುದಿಗೆ ನುಣ್ಣಗಿನ ಎಲೆಕ್ಟ್ರಿಕ್ ಟೇಪ್ ಒಂದು ಸುತ್ತು ಹಾಕಿದ್ರೆ ಜಾರ್ತದೆ, ಬಟ್ಟೆಗೆ ಹಿಡಿಯಲ್ಲ. ಆದ್ರೂ ಉದ್ದ ಜಾಸ್ತಿ ಆದ್ರೆ ಟೇಪೂ ಪ್ರಯೋಜನ ಇಲ್ಲ. ಹಾಗಾಗಿ ಕೊಳ್ಳೋ ಮುಂಚೆ ದುಡ್ಡಿಲ್ಲದ ಪರೀಕ್ಷೆ ಒಂದಿದೆ, ಹಳೇ ಹವಾಯಿ ಚಪ್ಪಲಿ ಕೊಯ್ದು ಬಟ್ಟಿನ ಆಕಾರದ ತುಂಡು ಮಾಡಿ, ಒಂದರ ಮೇಲೊಂದು ಇಟ್ಟು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಟ್ಟಿಗೆ ಬಿಗಿದು, ಖಾಲಿ ಕೋವಿನ ಹೆಗಲಿಗೆ ಏರಿಸಿ ಇಳಿಸಿ ನೋಡಿ. ಒಂದು ತುಂಡು, ಎರಡು ತುಂಡು. ನೀವು ತೋಟಕ್ಕೆ ಹಾಕ್ಕೊಂಡು ಹೋಗೋ ಬಟ್ಟೆನೇ ಹಾಕ್ಕೊಂಡು ನೋಡಿ, ಬನಿಯನ್ನಲ್ಲಿ ಬೇಡ, ನಾನು ಕೆಟ್ಟಿದ್ದು ಅಲ್ಲೇ. ಕಣ್ಣು ಮುಚ್ಚಿ ಏರಿಸಿ, ಕಣ್ಣು ಬಿಟ್ಟಾಗ ನಳಿಗೆ ಮೇಲಿನ ಪಟ್ಟಿ ನೇರ ಕಾಣ್ಬೇಕು, ಹೆಬ್ಬೆರಳ ಗೆಣ್ಣಿಗೂ ಮೂಗಿಗೂ ನಡುವೆ ಎರಡು ಬೆರಳು ಜಾಗ ಇರ್ಬೇಕು. ಹೆಬ್ಬೆರಳು ಮೂಗಿಗೆ ತಾಗ್ತದೆ ಅಂದ್ರೆ ಗಿಡ್ಡ, ದಪ್ಪ ಪ್ಯಾಡ್ ತಗೊಳ್ಳಿ. ಎತ್ತುವಾಗ ಕಂಕುಳಿಗೆ ಸಿಕ್ತದೆ ಅಂದ್ರೆ ಉದ್ದ, ತೆಳುವಿನದ್ದಕ್ಕೆ ಹೋಗಿ. ಎಷ್ಟು ತುಂಡಿಗೆ ಸರಿ ಆಯ್ತೋ ಅಷ್ಟೇ ನಿಮ್ಮ ಪ್ಯಾಡಿನ ದಪ್ಪ. ಕೆಲವರು ಆ ಚಪ್ಪಲಿ ತುಂಡನ್ನೇ ಮೊಳೆ ಹೊಡೆದು ಖಾಯಂ ಮಾಡಿದ್ದು ನೋಡಿದ್ದೇನೆ, ದಯವಿಟ್ಟು ಮಾಡ್ಬೇಡಿ, ಮೊಳೆ ಹೋದಲ್ಲಿ ಮರ ಸೀಳ್ತದೆ.

ನಮ್ಮ ಕಡೆಯವ್ರಿಗೆ ಮಾತ್ರ ಇರೋ ಒಂದು ಕಷ್ಟ ಇದೆ. ನಾವು ಕೋವಿ ನೇರ ಹಿಡಿಯೋದಕ್ಕಿಂತ ಮೇಲಕ್ಕೆ ಹಿಡಿಯೋದೇ ಜಾಸ್ತಿ, ಅಡಿಕೆ ಮರದ ತಲೆ ಎಲ್ಲಿ, ನಾವೆಲ್ಲಿ. ಬೆನ್ನು ಹಿಂದಕ್ಕೆ ಬಾಗಿಸಿ ಆಕಾಶಕ್ಕೆ ಈಡು ಹಾಕಿದಾಗ ಒದೆ ಹಿಂದಕ್ಕೆ ಹೋಗಲ್ಲ, ಕೆಳಕ್ಕೆ ಬರ್ತದೆ, ಬಟ್ಟಿನ ಮೇಲಿನ ಮೂಲೆ ಸೀದಾ ಕೊರಳ ಪಕ್ಕದ ಎಲುಬಿಗೆ ಕುಕ್ತದೆ. ನಂಗೆ ನೀಲಿ ಆಗ್ತಿದ್ದ ಜಾಗ ಯಾವಾಗ್ಲೂ ಅದೇ, ಕಾಸಿನಗಲ, ಎಲುಬಿನ ಮೇಲೇ. ಆಯಿ ನೋಡಿ "ಎಂತ ಆತೋ ಮಾಣಿ, ಮರದಿಂದ ಬಿದ್ಯಾ" ಅಂತ ಕೇಳಿದ್ದು ಇನ್ನೂ ನೆನಪಿದೆ, ನಂಗಾಗ ನಲವತ್ತೈದು. ಆದ್ರಿಂದ ಪ್ಯಾಡ್ ಕೈಯಲ್ಲಿ ಹಿಡಿದಾಗ ಮಧ್ಯ ಒತ್ತಿ ನೋಡಿ ಮೆತ್ತಗಿದೆ ಅಂತ ಖುಷಿ ಆಗ್ಬೇಡಿ, ಮೇಲಿನ ಮೂಲೆ ಒತ್ತಿ ನೋಡಿ. ಕೆಲವದ್ರಲ್ಲಿ ಮಧ್ಯ ಮಾತ್ರ ಜಾಲಿ ತರ ತೂತು ಇದ್ದು ಮೂಲೆ ಗಟ್ಟಿ ರಬ್ಬರು. ಮತ್ತೆ ಬಟ್ಟು ಕೂರಬೇಕಾದ್ದು ಹೆಗಲ ಸಂದಿನ ಗುಂಡೀಲಿ, ತೋಳ ಮೇಲೂ ಅಲ್ಲ, ಎಲುಬಿನ ಮೇಲೂ ಅಲ್ಲ.

ಎರಡನೇ ಎಡವಟ್ಟು 2024ರದ್ದು. ಲೋಕಸಭೆ ಚುನಾವಣೆ ಘೋಷಣೆ ಆಗಿದ್ದು ಮಾರ್ಚ್ 16ಕ್ಕೆ, ನಮ್ಮ ಜಿಲ್ಲೇಲಿ ಓಟು ಮೇ 7ಕ್ಕೆ, ನೀತಿ ಸಂಹಿತೆ ಮುಗೀವಾಗ ಜೂನ್ ಬಂದಿತ್ತು. ಎಲ್ಲರ ಜೊತೆ ನಾನೂ ಕೋವಿ ಡಿಪಾಸಿಟ್ ಇಟ್ಟೆ, ಗಡಿಬಿಡೀಲಿ ಪ್ಯಾಡ್ ತೆಗೆಯೋದು ಮರ್ತೆ. ಆ ಬೇಸಿಗೆ ಸೆಕೆ ನಿಮ್ಗೆ ಗೊತ್ತಲ್ಲ. ವಾಪಸ್ ತಂದಾಗ ಮಳೆ ಹಿಡಿದಿತ್ತು. ಪ್ಯಾಡ್ ಎಳೆದ್ರೆ ಬರಲ್ಲ, ಹಲಸಿನ ಮೇಣ ಅಂಟಿದ್ಹಂಗೆ, ಎಳೆದೂ ಎಳೆದೂ ಬಂದಾಗ ಪಾಲಿಶ್ ಕಿತ್ಕೊಂಡು ಬಂತು, ಮರದ ಮೇಲೆ ರಬ್ಬರಿನ ಗೀರು ಗೀರು ಅಚ್ಚು, ಅದರ ಸುತ್ತ ಬಿಳೀ ಬೂಸ್ಟು. ಮೆತ್ತನೆ ರಬ್ಬರುಗಳಲ್ಲಿ ಕೆಲವು ಹೀಗೇ, ಸೆಕೆಗೆ ಬೆವರಿ ಮರದ ಪಾಲಿಶನ್ನ ಕರಗಿಸ್ತವೆ. ತಪ್ಪು ನಂದೇ. ಪ್ಯಾಡ್ ಅನ್ನೋದು ಚಪ್ಪಲಿ ಇದ್ದಂಗೆ, ಹೊರಗೆ ಹೋಗುವಾಗ ಹಾಕ್ಬೇಕು, ಮನೆಗೆ ಬಂದು ತೆಗೀಬೇಕು. ಮಳೆಗಾಲದಲ್ಲಿ ಘಟ್ಟದ ಮೇಲಿರ್ಲಿ ಕುಮಟಾ ಅಂಕೋಲಾದಲ್ಲಿರ್ಲಿ, ಯಾವುದನ್ನೇ ಆಗ್ಲಿ ಮರದ ಮೇಲೆ ಮುಚ್ಚಿಟ್ರೆ ಒಳಗೆ ನೀರು ಕೂರ್ತದೆ. ತೆಗೆದ್ಮೇಲೆ ಮರ ಒರೆಸಿ ಒಣಗ್ಲಿ, ಪ್ಯಾಡಿನ ಒಳಗೆ ಚೂರು ಟಾಲ್ಕಂ ಪೌಡರ್ ಉದುರಿಸಿದ್ರೆ ಹಾಕೋಕೂ ಸುಲಭ, ಅಂಟೋದೂ ಕಡ್ಮೆ. ಕಬ್ಬಿಣದ ಭಾಗಕ್ಕೆ ತಾಗೋ ಹಾಗೆ ರಬ್ಬರ್ ಇಡಬೇಡಿ.

ಈಗ ನಾನು ಬಳಸೋದು ಚರ್ಮದ್ದು. ಹೊರದೇಶದ ಕಂಪನಿಗಳು ಮಾಡ್ತವೆ, ಗ್ಯಾಲ್ಕೋ ಅಂತೊಂದು, ರಬ್ಬರಿನಲ್ಲಿ ಪ್ಯಾಕ್‌ಮೇರ್, ಲಿಂಬ್‌ಸೇವರ್ ಅಂತೆಲ್ಲ ಹೆಸರಿದೆ, ಆದ್ರೆ ನಂದು ಸಿರ್ಸಿ ಪೇಟೇಲಿ ಬ್ಯಾಗು ಚಪ್ಪಲಿ ಹೊಲಿಯೋರ ಹತ್ರ ಮಾಡಿಸಿದ್ದು. ಬಟ್ಟನ್ನ ರಟ್ಟಿನ ಮೇಲೆ ಇಟ್ಟು ಸುತ್ತ ಗೆರೆ ಎಳೆದು ಆ ರಟ್ಟು ತಗೊಂಡು ಹೋದೆ, ಕೋವಿನೇ ಪೇಟೆಗೆ ಹೊತ್ಕೊಂಡು ಹೋಗೋದು ಬೇಡ ಅಂತ. ಹಿಂದೆ ಒಳಗೆ ದಪ್ಪ ಫೆಲ್ಟಿನ ಎರಡು ಪದರ, ಮೇಲಿನ ಮೂಲೇಲಿ ಒಂದು ಪದರ ಜಾಸ್ತಿ, ಕೆಳಗಡೆ ಶೂ ತರ ಲೇಸು. ಒಟ್ಟು ಮೂರು ಎಂಟಾಂಶ ಇಂಚು ದಪ್ಪ. ಲೇಸ್ ಇರೋದ್ರಿಂದ ಬಿಗಿ ಸಡಿಲ ನಮ್ಮ ಕೈಲಿ, ಚರ್ಮ ಬಟ್ಟೆಗೆ ಕಚ್ಚಲ್ಲ, ಜಾರಿ ಕೂರ್ತದೆ. ರಬ್ಬರಿನಷ್ಟು ಒದೆ ನುಂಗಲ್ಲ, ಸುಳ್ಳು ಹೇಳಲ್ಲ, ಆದ್ರೆ 65ರ ತೋಟಾ, 30 ಗ್ರಾಂ ಚರೆ ಹಾಕಿದ್ಮೇಲೆ ನುಂಗೋಕೆ ಅಷ್ಟೊಂದು ಉಳ್ದಿರೋದೂ ಇಲ್ಲ. ಒಂದು ಬೆಳಿಗ್ಗೆ ನಾಲ್ಕು ಈಡು ಹಾಕಿದ್ರೂ ಸಂಜೆ ಕವಳದ ತಬಕಿಗೆ ಕೈ ಚಾಚೋವಾಗ ಹೆಗಲು ಎಳೆಯಲ್ಲ. ಚರ್ಮಕ್ಕೂ ಬೂಸ್ಟು ಬರ್ತದೆ, ಅಟ್ಟದ ಮೇಲೆ ಒಲೆ ಬಿಸಿ ತಾಗೋ ಕಡೆ ನೇತು ಹಾಕಿದ್ದೇನೆ. ಆಯಿಗೆ ಮಾತ್ರ ಅದು ಚರ್ಮ ಅಂತ ಸಮಾಧಾನ ಇಲ್ಲ, ಆಯುಧ ಪೂಜೆ ದಿನ ಕೋವಿಗೆ ಕುಂಕುಮ ಹಚ್ಚುವಾಗ ಅದನ್ನ ಬಿಚ್ಚಿ ಹೊರಗಿಡು ಅಂದ್ಲು, ಇಟ್ಟೆ.

ಇನ್ನು ಭಾವನ ಕೋವಿ. ಆಚಾರ್ರಿಗೆ ಚಾ ಕುಡಿಸಿ ಅವತ್ತು ಬಾಗಿಲ ಚಿಲಕ ರಿಪೇರಿ ಮಾಡಿಸಿ ಕಳಿಸಿದ್ವಿ. ನನ್ನ ಹತ್ರ ಸುಮ್ನೆ ಬಿದ್ದಿದ್ದ ಆ ಎಮ್ಮೆ ಗೊರಸು ಪ್ಯಾಡ್ ತಂದುಕೊಟ್ಟೆ, ಅವರ ಕೋವಿಯ ಬಟ್ಟು ನಮ್ಮದಕ್ಕಿಂತ ಅಗಲ, ಮೀಡಿಯಂ ಸರಿಯಾಗಿ ಕೂತ್ಕೊಳ್ತು, ಒಂದಿಂಚು ಉದ್ದ ಆಗಿದ್ದು ಅವರ ಕೈಗೆ ಹೇಳಿ ಮಾಡಿಸಿದಂಗೆ. ಮಾರನೇ ದಿನ ಬೆಳಿಗ್ಗೆ ಆ ಕಡೆಯಿಂದ ಎರಡು ಈಡಿನ ಸದ್ದು ಕೇಳ್ತು, ಹತ್ತು ನಿಮಿಷಕ್ಕೆ ಅವರ ತೋಟದ ಮಂಗ ಎಲ್ಲ ನಮ್ಮ ತೋಟಕ್ಕೆ ಬಂದ್ವು. ರಾತ್ರಿ ಪ್ಯಾಡ್ ತೆಗೆದಿಡ್ತಾರಾ ಇಲ್ವಾ ಅಂತ ಫೋನ್ ಮಾಡಿ ಕೇಳ್ತಿರ್ತೇನೆ.

ನನ್ನ ಹೆಸರು ಹಾಕ್ಬೇಡಿ, ಮನೇಲಿ ಕೋವಿ ಇರೋದನ್ನ ಪೇಪರಲ್ಲಿ ಹಾಕಿಸ್ಕೊಂಡ ಅಂತ ಊರಲ್ಲಿ ನಗ್ತಾರೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ, ಸಿರ್ಸಿ ತಾಲೂಕು